ಬಿಚ್ಚುವುದಕ್ಕಿಂತ ಅಳೆಯುವುದು ಮುಖ್ಯ: ಮನೆಯಲ್ಲೇ ಕಾರಿನ ಬ್ರೇಕ್ ಕೆಲಸ ಮಾಡುವವರಿಗೆ

(ಉಪನ್ಯಾಸದ ಬರಹ ರೂಪ)

ಗೌರವಾನ್ವಿತ ಸಭಿಕರೇ,

ಕಾರಿನ ಬ್ರೇಕ್ ಕೆಲಸವನ್ನು ಸ್ವತಃ ಮಾಡಿಕೊಳ್ಳಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಸ್ಪ್ಯಾನರುಗಳ ಸೆಟ್ಟು, ಸಾಕೆಟ್ಟುಗಳ ಪೆಟ್ಟಿಗೆ, ಉದ್ದ ಹಿಡಿಯ ರೆಂಚು, ಅಂದರೆ ಬಿಚ್ಚುವುದಕ್ಕೆ ಬೇಕಾದ ಸಲಕರಣೆಗಳನ್ನು. ಬಿಚ್ಚುವ ಕಷ್ಟ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದು ಸಹಜವೇ. ಆದರೆ ಬ್ರೇಕ್ ಕೆಲಸ ಸರಿಯಾಯಿತೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಸಲಕರಣೆಗಳು ಬೇರೆ. ಭಾರವನ್ನು ಹಿಡಿದು ನಿಲ್ಲಿಸುವವು, ದಪ್ಪವನ್ನೂ ಬಿಗಿಯನ್ನೂ ಅಳೆಯುವವು, ಸ್ವಚ್ಛಗೊಳಿಸುವವು, ಈ ಮೂರು ಬಗೆಯವು. ಇಂದಿನ ಮಾತನ್ನು ನಾನು ಇವುಗಳ ಸುತ್ತಲೇ ಕಟ್ಟುತ್ತೇನೆ, ಏಕೆಂದರೆ ಎಂಜಿನ್ನಿನ ಕೆಲಸದಲ್ಲಿ ತಪ್ಪಾದರೆ ಕಾರು ಹೊರಡುವುದಿಲ್ಲ, ಬ್ರೇಕಿನ ಕೆಲಸದಲ್ಲಿ ತಪ್ಪಾದರೆ ಕಾರು ನಿಲ್ಲುವುದಿಲ್ಲ.

ಬ್ರೇಕಿನ ಮೇಲೆ ಬೀಳುವ ಹೊರೆ ಎಷ್ಟೆಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. 1200 ಕಿಲೋಗ್ರಾಂ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಅದರ ಚಲನ ಶಕ್ತಿ ಸುಮಾರು 460 ಕಿಲೋಜೂಲ್. ಒಂದೂವರೆ ಲೀಟರಿನಷ್ಟು ತಣ್ಣೀರನ್ನು ಕುದಿಯುವ ಹಂತಕ್ಕೆ ಒಯ್ಯುವಷ್ಟು ಶಾಖ ಅದು. ಪೂರ್ಣ ಬಲದಿಂದ ಬ್ರೇಕ್ ಒತ್ತಿದಾಗ ಅಷ್ಟೂ ಶಾಖ ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಚಕ್ರಗಳ ಬ್ರೇಕುಗಳಲ್ಲಿ, ಅದರಲ್ಲೂ ಹೆಚ್ಚಿನ ಪಾಲು ಮುಂದಿನ ಎರಡರಲ್ಲಿ ಹುಟ್ಟುತ್ತದೆ. ಚಕ್ರದ ಜೊತೆ ತಿರುಗುವ ಡಿಸ್ಕಿನ ದಪ್ಪ, ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಒಯ್ಯುವ ದ್ರವದ ಕುದಿಬಿಂದು, ಗ್ರೀಸಿನ ಜಾತಿ ಎಂದು ನಾನು ಮುಂದೆ ಹೇಳುವ ಬಹುಪಾಲು ವಿಷಯಗಳು ಈ ಶಾಖದ ಕಾರಣದಿಂದಲೇ ಬಂದವು.

ಮೊದಲು ಕಾರನ್ನು ಎತ್ತುವ ವಿಚಾರ. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ, ಎತ್ತಿದ್ದನ್ನು ಹಿಡಿದಿಡುವುದಕ್ಕೆ ಜಾಕ್ ಸ್ಟ್ಯಾಂಡ್ ಬೇಕು. ಹೈಡ್ರಾಲಿಕ್ ಜಾಕಿನ ಒಳಗಿನ ಒಂದು ಸಣ್ಣ ರಬ್ಬರ್ ಸೀಲ್ ಸೋರಿದರೂ ಕಾರು ಕೆಳಗಿಳಿಯುತ್ತದೆ. ಕಾರಿನ ಜೊತೆ ಬರುವ ತಿರುಪಿನ ಜಾಕ್ ಪಕ್ಕಕ್ಕೆ ವಾಲುತ್ತದೆ. ಬ್ರೇಕ್ ಕೆಲಸದಲ್ಲಿ ತುಕ್ಕು ಹಿಡಿದ ಬೋಲ್ಟುಗಳನ್ನು ಮೈಯೆಲ್ಲ ಬಲ ಹಾಕಿ ಎಳೆಯುವುದಿರುತ್ತದೆ, ಆ ಎಳೆತಕ್ಕೆ ಕಾರು ಅಲುಗಾಡದೆ ಇರುವುದಿಲ್ಲ. ಆದ್ದರಿಂದ ಗಟ್ಟಿಯಾದ ಸಮತಟ್ಟು ನೆಲ, ಕಾರಿನ ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲೇ ಸ್ಟ್ಯಾಂಡ್, ನೆಲದ ಮೇಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ, ಇಷ್ಟು ಇಲ್ಲದೆ ಕೆಲಸ ಆರಂಭಿಸಲೇಬಾರದು. ಕಳಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಡುವ ಹಳೆಯ ಅಭ್ಯಾಸವೂ ಒಳ್ಳೆಯದೇ, ಸ್ಟ್ಯಾಂಡ್ ಜಾರಿದರೂ ಮನುಷ್ಯನಿಗೆ ಉಸಿರಾಡುವಷ್ಟು ಜಾಗ ಉಳಿಯುತ್ತದೆ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಿಕೊಳ್ಳಬೇಕು. ಹಿಂದಿನ ಬ್ರೇಕ್ ಬಿಚ್ಚುವುದಾದರೆ ಹ್ಯಾಂಡ್‌ಬ್ರೇಕ್ ಸಡಿಲವಾಗಿರಬೇಕಾಗುತ್ತದೆ, ಆಗ ಕಾರನ್ನು ತಡೆದು ನಿಲ್ಲಿಸುವ ಹೊಣೆಯ ಬಹುಪಾಲು ಅಡ್ಡಗಟ್ಟೆಗಳ ಮೇಲೆಯೇ ಬೀಳುತ್ತದೆ ಎಂಬುದನ್ನು ಮರೆಯಬಾರದು.

ಬಿಚ್ಚುವ ಸಲಕರಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎರಡು ಮೂರು ಉಪಾಯಗಳನ್ನಷ್ಟೇ ಹೇಳುತ್ತೇನೆ. ಡಿಸ್ಕನ್ನು ಎರಡು ಬದಿಯಿಂದ ಪ್ಯಾಡುಗಳಿಂದ ಅದುಮಿ ಹಿಡಿಯುವ ಕ್ಯಾಲಿಪರಿನ ಬೋಲ್ಟುಗಳಿಗೆ ಹನ್ನೆರಡು ಮೂಲೆಯ ಸಾಕೆಟ್ ಬದಲು ಆರು ಮೂಲೆಯ ಸಾಕೆಟ್ ಬಳಸಿ, ತುಕ್ಕು ಹಿಡಿದ ಬೋಲ್ಟಿನ ತಲೆ ದುಂಡಗಾಗುವುದು ಬಹಳ ಮಟ್ಟಿಗೆ ತಪ್ಪುತ್ತದೆ. ಅನೇಕ ಕಾರುಗಳಲ್ಲಿ ಡಿಸ್ಕನ್ನು, ಚಕ್ರ ಕೂರುವ ನಡುಭಾಗವಾದ ಹಬ್ಬಿಗೆ ಕೂರಿಸಲು ಒಂದೋ ಎರಡೋ ಚಪ್ಪಟೆ ತಲೆಯ ಸ್ಕ್ರೂಗಳಿರುತ್ತವೆ. ಅವು ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗುವುದಿಲ್ಲ, ತಲೆಯ ಅಡ್ಡಗೆರೆ ಕಿತ್ತುಹೋಗುತ್ತದೆ. ಸುತ್ತಿಗೆಯಿಂದ ಹೊಡೆದಾಗ ಒಳಕ್ಕೆ ಒತ್ತುತ್ತಲೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಅದಕ್ಕೆಂದೇ ಇರುವ ಸಾಧನ. ಜಪಾನಿ ಕಾರುಗಳಲ್ಲಿ ಈ ಸ್ಕ್ರೂಗಳ ಅಡ್ಡಗೆರೆಯ ಆಕಾರ ಸಾಮಾನ್ಯ ಫಿಲಿಪ್ಸ್ ಆಕಾರಕ್ಕಿಂತ ತುಸು ಬೇರೆಯಾಗಿರುವುದುಂಟು, ಜೆಐಎಸ್ ಮಾದರಿಯ ಬಿಟ್ ಹಾಕಿದರೆ ಹಿಡಿತ ಸರಿಯಾಗಿ ಕೂರುತ್ತದೆ. ಸ್ಕ್ರೂ ತೆಗೆದ ಮೇಲೂ ಡಿಸ್ಕ್ ಹಬ್ಬಿಗೆ ಕಚ್ಚಿಕೊಂಡಿದ್ದರೆ ಅದರ ಮುಖದಲ್ಲಿ ತಿರುಪಿನ ಮರೆ (ಥ್ರೆಡ್) ಕೊರೆದ ಎರಡು ತೂತುಗಳಿವೆಯೇ ಎಂದು ನೋಡಿ. ಅಳತೆಗೆ ಸರಿಯಾದ ಬೋಲ್ಟುಗಳನ್ನು, ಹೆಚ್ಚಾಗಿ 8 ಮಿಲಿಮೀಟರಿನವನ್ನು, ಅವುಗಳೊಳಗೆ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಸುತ್ತ ಹೋದರೆ ಡಿಸ್ಕ್ ತಾನಾಗಿ ಹೊರಕ್ಕೆ ಬರುತ್ತದೆ, ಸುತ್ತಿಗೆ ಬೀಸಿ ಬೇರಿಂಗಿಗೆ ಪೆಟ್ಟು ಕೊಡುವ ಅಗತ್ಯವೇ ಇರುವುದಿಲ್ಲ.

ಕ್ಯಾಲಿಪರ್ ಕಳಚಿದ ಕೂಡಲೇ ಅದನ್ನು ಗಟ್ಟಿ ತಂತಿಯಿಂದ ಸಸ್ಪೆನ್ಷನ್ನಿನ ಸ್ಪ್ರಿಂಗಿಗೆ ತೂಗುಹಾಕಬೇಕು. ರಬ್ಬರ್ ಹೋಸಿನಿಂದ ಅದು ನೇತಾಡಿದರೆ ಹೋಸಿನ ಒಳಪದರ ಹರಿಯಬಹುದು, ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ, ಹಳೆಯ ಪ್ಯಾಡುಗಳನ್ನು ಕಸದ ಬುಟ್ಟಿಗೆ ಹಾಕುವ ಮೊದಲು, ಅವುಗಳನ್ನು ತೆಗೆದ ಜಾಗ ಗುರುತು ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಇಡೀ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ತಿಳಿವಳಿಕೆ ಕೊಡುವ ಹಂತ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಹುತೇಕ ಕಾರುಗಳಲ್ಲಿರುವುದು ಎರಡು ಪಿನ್ನುಗಳ ಮೇಲೆ ಜಾರುವ ಕ್ಯಾಲಿಪರ್. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಆ ಒತ್ತಡದ ಪ್ರತಿಕ್ರಿಯೆಯಿಂದ ಕ್ಯಾಲಿಪರ್ ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಒಳಗಿನ ಪ್ಯಾಡ್ ಪೂರ್ತಿ ಸವೆದು ಹೊರಗಿನದು ದಪ್ಪವಾಗಿಯೇ ಉಳಿದಿದ್ದರೆ ಪಿನ್ನುಗಳು ಜಾರುತ್ತಿಲ್ಲ, ಇಲ್ಲವೇ ಪಿಸ್ಟನ್ ಹಿಂದಕ್ಕೆ ಸರಿಯುತ್ತಿಲ್ಲ ಎಂದು ತಿಳಿಯಬೇಕು. ಪ್ಯಾಡ್ ಒಂದು ಕೊನೆಯಲ್ಲಿ ದಪ್ಪ, ಇನ್ನೊಂದು ಕೊನೆಯಲ್ಲಿ ತೆಳು ಆಗಿದ್ದರೆ ಎರಡು ಪಿನ್ನುಗಳಲ್ಲಿ ಒಂದು ಹಿಡಿದುಕೊಂಡಿರಬಹುದು, ಅಥವಾ ಪ್ಯಾಡಿನ ಕಿವಿಗಳು ಕ್ಯಾಲಿಪರನ್ನು ಹೊತ್ತ ಬ್ರಾಕೆಟ್ಟಿನ ತುಕ್ಕಿನಲ್ಲಿ ಸಿಕ್ಕಿಕೊಂಡಿರಬಹುದು. ಎಡಗಡೆಯ ಪ್ಯಾಡುಗಳು ಬಲಗಡೆಯವಕ್ಕಿಂತ ಬಹಳ ಬೇಗ ಸವೆದಿದ್ದರೆ ಆ ಬದಿಯ ಪಿಸ್ಟನ್ ಅಥವಾ ಹೋಸ್ ಒತ್ತಡವನ್ನು ಪೂರ್ತಿ ಬಿಟ್ಟುಕೊಡುತ್ತಿಲ್ಲವೇ ಎಂದು ಪರೀಕ್ಷಿಸಬೇಕು. ಇದನ್ನೆಲ್ಲ ನೋಡದೆ ಹೊಸ ಪ್ಯಾಡ್ ಹಾಕಿಬಿಟ್ಟರೆ ಹೊಸದೂ ಅದೇ ರೀತಿಯಲ್ಲಿ ಸವೆಯುತ್ತದೆ. ಪ್ಯಾಡಿನ ಉಜ್ಜುವ ಪದರ 3 ಮಿಲಿಮೀಟರಿನ ಹತ್ತಿರ ಬಂದಾಗ ಬದಲಿಸುವುದು ಸಾಮಾನ್ಯ ರೂಢಿ, ನಿಮ್ಮ ಕಾರಿನ ತಯಾರಕರು ಬೇರೆ ಮಿತಿ ಹೇಳಿದ್ದರೆ ಅದೇ ಅಂತಿಮ. ಬದಲಿಸುವಾಗ ಒಂದು ಆಕ್ಸಲಿನ ಎರಡೂ ಬದಿಯ ಪ್ಯಾಡುಗಳನ್ನು ಒಟ್ಟಿಗೇ ಬದಲಿಸಬೇಕು.

ಹೊಸ ಪ್ಯಾಡ್ ದಪ್ಪವಾಗಿರುವುದರಿಂದ ಪಿಸ್ಟನ್ನನ್ನು ಒಳಕ್ಕೆ ತಳ್ಳಬೇಕಾಗುತ್ತದೆ. ಹಳೆಯ ಪ್ಯಾಡನ್ನು ಪಿಸ್ಟನ್ನಿನ ಮೇಲೆ ಅಡ್ಡವಿಟ್ಟು ಸಿ-ಕ್ಲಾಂಪಿನಿಂದ ನಿಧಾನವಾಗಿ ಒತ್ತಿದರೆ ಬಲ ಎಲ್ಲ ಕಡೆ ಸಮನಾಗಿ ಹಂಚಿಹೋಗಿ ಪಿಸ್ಟನ್ ಓರೆಯಾಗುವುದಿಲ್ಲ. ಒತ್ತುವ ಮೊದಲು ಬಾನೆಟ್ ತೆರೆದು ದ್ರವದ ಡಬ್ಬಿ ನೋಡಿಕೊಳ್ಳಿ, ಮಟ್ಟ ಮೇಲಿದ್ದರೆ ಸ್ವಚ್ಛವಾದ ಸಿರಿಂಜಿನಿಂದ ಸ್ವಲ್ಪ ಹೊರತೆಗೆಯಿರಿ. ಇಲ್ಲದಿದ್ದರೆ ಹಿಂದಕ್ಕೆ ಬಂದ ದ್ರವ ಉಕ್ಕಿ ಹೊರಚೆಲ್ಲಿ ಬಣ್ಣವನ್ನು ಕಿತ್ತುಹಾಕುತ್ತದೆ. ಹಿಂದಿನ ಚಕ್ರದ ಕ್ಯಾಲಿಪರಿನೊಳಗೇ ಹ್ಯಾಂಡ್‌ಬ್ರೇಕಿನ ಯಾಂತ್ರಿಕ ಭಾಗವೂ ಇದ್ದರೆ ಪಿಸ್ಟನ್ ಬರೀ ಒತ್ತಿದರೆ ಸರಿಯುವುದಿಲ್ಲ, ಒತ್ತುತ್ತಲೇ ತಿರುಗಿಸುವ ಸಾಧನ ಬೇಕು. ಅಲ್ಲಿ ಕ್ಲಾಂಪಿನಿಂದ ಬಲವಂತ ಮಾಡಿದರೆ ಒಳಗಿನ ತಿರುಪು ಮುರಿಯುತ್ತದೆ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರುಗಳನ್ನು ಮೊದಲು ಸರ್ವಿಸ್ ಸ್ಥಿತಿಗೆ ತರಬೇಕು. ಕೆಲವು ಕಾರುಗಳಲ್ಲಿ ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಅದು ಆಗುತ್ತದೆ, ಹಲವಕ್ಕೆ ಸ್ಕ್ಯಾನ್ ಸಾಧನವೇ ಬೇಕಾಗುತ್ತದೆ.

ಈಗ ಅಳತೆಯ ವಿಷಯ. ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯಂಥ ಭಾಗದಲ್ಲೋ ಅದರ ಕನಿಷ್ಠ ದಪ್ಪವನ್ನು ಕೊರೆದಿರುತ್ತಾರೆ. ಸಾಮಾನ್ಯ ವರ್ನಿಯರಿನಿಂದ ಅಳೆದವರು ಬಹಳ ಸಲ ಮೋಸ ಹೋಗುತ್ತಾರೆ. ಪ್ಯಾಡ್ ತಾಗದ ಹೊರ ಅಂಚಿನಲ್ಲಿ ಸವೆಯದ ಏಣು ಉಳಿದಿರುತ್ತದೆ, ವರ್ನಿಯರಿನ ದವಡೆ ಆ ಏಣಿನ ಮೇಲೆ ಕೂತು ಡಿಸ್ಕ್ ಇನ್ನೂ ದಪ್ಪವಾಗಿದೆ ಎಂದು ತೋರಿಸುತ್ತದೆ. ಮೈಕ್ರೋಮೀಟರಿನ ತುದಿಗಳು ಏಣನ್ನು ದಾಟಿ ಉಜ್ಜುವ ಮೇಲ್ಮೈಯನ್ನೇ ಮುಟ್ಟುತ್ತವೆ. ಸುತ್ತಲೂ ಎಂಟು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಬ್ರೇಕ್ ಒತ್ತಿದಾಗ ಪೆಡಲ್ ನಡುಗಿದರೆ ಡಿಸ್ಕ್ ಶಾಖಕ್ಕೆ ಬಾಗಿದೆ ಎಂದೇ ಎಲ್ಲರೂ ಹೇಳುತ್ತಾರೆ, ಆದರೆ ಬಹಳಷ್ಟು ಸಂದರ್ಭಗಳಲ್ಲಿ ಆಗಿರುವುದು ಬೇರೆ. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಆಗಿ ಉಳಿದಿರುವುದಿಲ್ಲ. ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ಹೆಚ್ಚುಕಡಿಮೆಯೂ ಕಾಲಿಗೆ ತಿಳಿಯಬಹುದು. ಆ ಏರುಪೇರಿನ ಮೂಲ ಹೆಚ್ಚಾಗಿ ಹಬ್ಬಿನ ಮುಖದ ಮೇಲಿನ ತುಕ್ಕಿನಲ್ಲಿರುತ್ತದೆ. ತುಕ್ಕಿನ ಒಂದು ಹಳಕು ಮಧ್ಯೆ ಸಿಕ್ಕಿಕೊಂಡರೂ ಡಿಸ್ಕ್ ತುಸು ವಾಲಿ ಕೂರುತ್ತದೆ, ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗುತ್ತದೆ, ದಿನ ಕಳೆದಂತೆ ಆ ಜಾಗ ಸವೆದು ತೆಳುವಾಗುತ್ತದೆ. ಹೊಸ ಡಿಸ್ಕ್ ಹಾಕಿ ತಿಂಗಳುಗಳ ಮೇಲೆ ನಡುಕ ಶುರುವಾಗುವುದು ಇದೇ ಕಾರಣಕ್ಕೆ, ಆದರೆ ಬೈಗುಳ ಡಿಸ್ಕಿಗೆ ಬೀಳುತ್ತದೆ. ಆದ್ದರಿಂದ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದಲೂ ಉಪ್ಪುಕಾಗದದಿಂದಲೂ ಲೋಹ ಹೊಳೆಯುವ ತನಕ ಉಜ್ಜಬೇಕು. ಅನಂತರ ಡಿಸ್ಕ್ ಕೂರಿಸಿ, ಚಕ್ರದ ನಟ್ಟುಗಳಿಂದ ಬಿಗಿದು, ಸಣ್ಣ ಅಲುಗಾಟವನ್ನು ಅಳೆಯುವ ಡಯಲ್ ಗೇಜಿನ ತುದಿಯನ್ನು ಅದರ ಮುಖಕ್ಕೆ ತಾಗಿಸಿ ಒಂದು ಸುತ್ತು ತಿರುಗಿಸಿದರೆ ವಾಲು ಎಷ್ಟಿದೆಯೆಂದು ಕಾಣುತ್ತದೆ. ಬಹುತೇಕ ತಯಾರಕರು ಇಡುವ ಮಿತಿ 0.05ರಿಂದ 0.1 ಮಿಲಿಮೀಟರಿನ ಒಳಗೆ ಬರುತ್ತದೆ. ಮಿತಿ ಮೀರಿದ್ದರೆ ಡಿಸ್ಕನ್ನು ಹಬ್ಬಿನ ಮೇಲೆ ಒಂದು ಬೋಲ್ಟಿನಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಸ್ಕ್ರೂ ಇರುವ ಡಿಸ್ಕುಗಳಲ್ಲಿ ಈ ಉಪಾಯ ಸಾಮಾನ್ಯವಾಗಿ ನಡೆಯುವುದಿಲ್ಲ, ಅಲ್ಲಿ ಮೊದಲು ಹಬ್ಬನ್ನು ಇನ್ನಷ್ಟು ಶುಚಿಮಾಡಿ ನೋಡಬೇಕು. ಮನೆಯಲ್ಲಿ ಕೆಲಸ ಮಾಡುವವರಿಗೆ ಗಡಿಯಾರದ ಒತ್ತಡವಿಲ್ಲ, ಈ ಅಳತೆಗಳಿಗೆ ತಾಳ್ಮೆಯಿಂದ ಸಮಯ ಕೊಡಬಹುದು, ಸ್ವಂತ ಕೈಯಿಂದ ಮಾಡುವುದರ ನಿಜವಾದ ಲಾಭ ಅಲ್ಲಿದೆ ಎಂದು ನನಗೆ ಅನಿಸುತ್ತದೆ.

ಗ್ರೀಸಿನ ವಿಷಯದಲ್ಲಿ ದಯವಿಟ್ಟು ಗಮನವಿಡಿ. ಗ್ಲೈಕಾಲ್ ಜಾತಿಯ ಬ್ರೇಕ್ ದ್ರವ ಬಳಸುವ ಕಾರುಗಳಲ್ಲಿ ಸೀಲುಗಳು ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನವು, ಪಿನ್ನುಗಳನ್ನು ಮುಚ್ಚುವ ಹೊದಿಕೆಗಳೂ ಬಹಳ ಕಡೆ ಅದರವೇ. ಈ ರಬ್ಬರು ಬ್ರೇಕ್ ದ್ರವವನ್ನು ತಾಳಿಕೊಳ್ಳುತ್ತದೆ, ಆದರೆ ಪೆಟ್ರೋಲಿಯಂ ಮೂಲದ ಎಣ್ಣೆ ಅಥವಾ ಗ್ರೀಸ್ ತಾಗಿದರೆ ಊದಿಕೊಂಡು ಕೆಡುತ್ತದೆ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸನ್ನು ಕ್ಯಾಲಿಪರ್ ಪಿನ್ನಿಗೆ ಸವರಿದರೆ ಮೊದಲ ಕೆಲವು ವಾರ ಸಲೀಸಾಗಿ ಜಾರಿದ ಪಿನ್ ಆಮೇಲೆ ಊದಿದ ರಬ್ಬರಿನಲ್ಲಿ ಸಿಕ್ಕಿ ನಿಂತುಬಿಡುತ್ತದೆ. ಪಿನ್ನಿಗೆ ಬೇಕಾದದ್ದು ಬ್ರೇಕಿಗೆಂದೇ ತಯಾರಾದ ಸಿಲಿಕೋನ್ ಅಥವಾ ಸಿಂಥೆಟಿಕ್ ಗ್ರೀಸ್, ಅದೂ ತೆಳುವಾಗಿ. ಹೆಚ್ಚು ತುಂಬಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಪಿನ್ನನ್ನು ಹೊರಕ್ಕೆ ತಳ್ಳುತ್ತದೆ. ಪಿಸ್ಟನ್ನಿನ ಸುತ್ತ ಇರುವ ಚೌಕ ಅಡ್ಡಕೊಯ್ತದ ಸೀಲ್ ಎರಡು ಕೆಲಸ ಮಾಡುತ್ತದೆ: ದ್ರವ ಸೋರದಂತೆ ತಡೆಯುತ್ತದೆ, ಬ್ರೇಕ್ ಬಿಟ್ಟಾಗ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಸೆಳೆಯುತ್ತದೆ. ಆ ರಬ್ಬರು ಊದಿಕೊಂಡರೆ ಬ್ರೇಕ್ ಹಿಡಿದೇ ಇರುತ್ತದೆ. ಎಂಜಿನ್ ಆಯಿಲ್ ಸುರಿದ ಕೊಳವೆಯಿಂದ ಬ್ರೇಕ್ ದ್ರವ ತುಂಬಬಾರದು ಎನ್ನುವುದೂ ಇದೇ ಕಾರಣಕ್ಕೆ, ಅದರ ಒಳಗೋಡೆಗೆ ಅಂಟಿಕೊಂಡ ಎಣ್ಣೆಯೇ ಸೀಲುಗಳನ್ನು ಕೆಡಿಸಲು ಸಾಕು.

ಡಿಸ್ಕಿನ ಬದಲು ತಿರುಗುವ ಡ್ರಮ್ಮಿನ ಒಳಗೋಡೆಗೆ, ಲೈನರ್ ಅಂಟಿಸಿದ ಶೂಗಳು ಒತ್ತುವ ಡ್ರಮ್ ಬ್ರೇಕಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಂದು ಸಲಕ್ಕೆ ಒಂದೇ ಬದಿಯನ್ನು ಬಿಚ್ಚಿ, ಇನ್ನೊಂದು ಬದಿ ಹಾಗೆಯೇ ಇದ್ದು ನಿಮಗೆ ಮಾದರಿಯಾಗಲಿ. ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಸ್ಪ್ರಿಂಗ್ ತೆಗೆಯಲು ಅದಕ್ಕೆಂದೇ ಇರುವ ಇಕ್ಕಳ ಬಳಸಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ತಾನೇ ಹೊಂದಿಕೊಳ್ಳುವ ಅಡ್ಜಸ್ಟರುಗಳಲ್ಲಿ ಒಂದು ಬದಿಯದಕ್ಕೆ ಎಡಮರೆ, ಇನ್ನೊಂದಕ್ಕೆ ಬಲಮರೆ ಇರುವುದು ಸಾಮಾನ್ಯ. ಅದಲು ಬದಲಾದರೆ ಲೈನರ್ ಸವೆದಂತೆಲ್ಲ ಶೂಗಳು ಡ್ರಮ್ಮಿಗೆ ಹತ್ತಿರವಾಗುವ ಬದಲು ಇನ್ನಷ್ಟು ದೂರ ಸರಿಯುತ್ತವೆ.

ಬ್ರೇಕಿನ ಧೂಳನ್ನು ಗಾಳಿಯ ಪೈಪಿನಿಂದ ಊದಬೇಡಿ. ಹಳೆಯ ಪ್ಯಾಡುಗಳಲ್ಲೂ ಲೈನರುಗಳಲ್ಲೂ ಆಸ್ಬೆಸ್ಟಾಸ್ ಇದ್ದಿರಬಹುದು, ಇಲ್ಲದಿದ್ದರೂ ಆ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಮಾಡಿ ಒರೆಸುವುದೇ ಸರಿ. ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕೆಲವು ಬೇಗ ಹೊತ್ತಿಕೊಳ್ಳುತ್ತವೆ, ಕ್ಲೋರಿನ್ ಇರುವವು ಬೆಂಕಿಗೋ ಕೆಂಪಗೆ ಕಾದ ಲೋಹಕ್ಕೋ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಕೊಡಬಲ್ಲವು. ಕ್ಲೀನರ್ ಹಾಕಿದ ಭಾಗಕ್ಕೆ ವೆಲ್ಡಿಂಗ್ ಆಗಲಿ ಟಾರ್ಚಿನ ಜ್ವಾಲೆಯಾಗಲಿ ಸುಳಿಯಬಾರದು.

ದ್ರವದ ಮಾತಿಗೆ ಬರೋಣ. ಬ್ರೇಕ್ ದ್ರವದ ದರ್ಜೆಗಳಲ್ಲಿ ಡಾಟ್ 3, ಡಾಟ್ 4, ಡಾಟ್ 5.1 ಇವು ಮೂರೂ ಗ್ಲೈಕಾಲ್ ಜಾತಿಗೆ ಸೇರಿದವು, ಡಾಟ್ 5 ಮಾತ್ರ ಸಿಲಿಕೋನ್. ಅಂಕಿಗಳು ಹತ್ತಿರವಿದ್ದರೂ 5.1 ಮತ್ತು 5 ಒಂದಕ್ಕೊಂದು ಬೆರೆಯಬಾರದವು. ಗ್ಲೈಕಾಲ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಸೇರಿದಂತೆ ಅದರ ಕುದಿಬಿಂದು ಇಳಿಯುತ್ತದೆ. ಡಾಟ್ 4 ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಾಳಬೇಕು. ಸುಮಾರು 3.7 ಶೇಕಡ ನೀರು ಸೇರಿದ ಸ್ಥಿತಿಗೆ ಮಾನದಂಡ ಇಟ್ಟಿರುವ ಕನಿಷ್ಠ ಮಟ್ಟ 155 ಡಿಗ್ರಿ. ಡಾಟ್ 3ಕ್ಕೆ ಇದೇ ಸಂಖ್ಯೆಗಳು 205 ಮತ್ತು 140. ಉದ್ದನೆಯ ಇಳಿಜಾರಿನಲ್ಲಿ ಕಾದ ಕ್ಯಾಲಿಪರಿನೊಳಗೆ ದ್ರವ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಆವಿಯನ್ನು ಕುಗ್ಗಿಸಬಹುದು. ಪೆಡಲ್ ಕೆಳಕ್ಕೆ ಹೋಗುತ್ತದೆ, ಕಾರು ಹೋಗುತ್ತಲೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿ ಎಂದು ಅನೇಕ ತಯಾರಕರು ಹೇಳುವುದರ ಹಿಂದೆ ಇರುವುದು ಇದೇ. ತೆರೆದಿಟ್ಟು ಬಹಳ ದಿನವಾದ ಡಬ್ಬಿಯ ದ್ರವವನ್ನು ಬಳಸುವುದು ಬೇಡ.

ದ್ರವ ಬದಲಿಸುವಾಗಲೂ ಗಾಳಿ ತೆಗೆಯುವಾಗಲೂ, ಅವನ್ನು ಹೊರಬಿಡಲು ಕ್ಯಾಲಿಪರಿನಲ್ಲಿರುವ ಸಣ್ಣ ತಿರುಪಾದ ಬ್ಲೀಡರ್ ನಿಪ್ಪಲ್ಲಿಗೆ ಆರು ಮೂಲೆಯ ರಿಂಗ್ ಸ್ಪ್ಯಾನರನ್ನೇ ಹಾಕಬೇಕು. ಪೈಪಿನ ನಟ್ಟುಗಳಿಗಾದರೆ ಒಂದು ಬದಿಯಲ್ಲಿ ಸೀಳಿರುವ ಫ್ಲೇರ್ ನಟ್ ಸ್ಪ್ಯಾನರ್ ಬೇಕು, ಬಾಯಿ ತೆರೆದ ಸಾಮಾನ್ಯ ಸ್ಪ್ಯಾನರು ಆ ಮೆತ್ತನೆಯ ನಟ್ಟನ್ನು ಉರುಟಾಗಿಸಿಬಿಡುತ್ತದೆ. ಇಬ್ಬರು ಸೇರಿ ಮಾಡುವ ಹಳೆಯ ಕ್ರಮ ಈಗಲೂ ಒಳ್ಳೆಯದೇ. ಒಬ್ಬರು ಪೆಡಲ್ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ದ್ರವ ಬಂದ ಮೇಲೆ ಬಿಗಿದು, ಅನಂತರವೇ ಪೆಡಲ್ ಬಿಡಲು ಹೇಳುತ್ತಾರೆ. ಪಾರದರ್ಶಕ ಕೊಳವೆಯ ತುದಿ ಬಾಟಲಿಯ ದ್ರವದಲ್ಲಿ ಮುಳುಗಿರಲಿ, ಗುಳ್ಳೆ ಕಾಣುತ್ತದೆ, ಗಾಳಿ ಹಿಂದಕ್ಕೆ ಹೋಗುವುದಿಲ್ಲ. ಇಲ್ಲಿ ಒಂದು ಉಪಾಯವನ್ನು ಒತ್ತಿ ಹೇಳುತ್ತೇನೆ. ಹಳೆಯ ಕಾರಿನಲ್ಲಿ ಪೆಡಲನ್ನು ತಳದವರೆಗೆ ತುಳಿಯಬೇಡಿ. ಪೆಡಲ್ ಒತ್ತಿದಾಗ ದ್ರವಕ್ಕೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿನೊಳಗೆ ಸೀಲುಗಳು ದಿನನಿತ್ಯ ಓಡಾಡದ ಭಾಗದಲ್ಲಿ ತುಕ್ಕು, ಕಿಟ್ಟ ಕೂತಿರಬಹುದು. ಒಮ್ಮೆಲೇ ಅಲ್ಲಿಗೆ ತಳ್ಳಿದರೆ ಸೀಲುಗಳು ತರಚಿ, ಗಾಳಿ ತೆಗೆಯಲು ಹೊರಟವರು ಮಾಸ್ಟರ್ ಸಿಲಿಂಡರನ್ನೇ ಬದಲಿಸಬೇಕಾಗುತ್ತದೆ. ಪೆಡಲಿನ ಕೆಳಗೆ ಒಂದು ಮರದ ತುಂಡನ್ನಿಟ್ಟರೆ ಸಾಕು. ಒಬ್ಬರೇ ಇದ್ದರೆ ಡಬ್ಬಿಯ ಮೇಲಿನಿಂದ ಸುಮಾರು 1 ಬಾರ್ ಒತ್ತಡ ಕೊಡುವ ಪ್ರೆಷರ್ ಬ್ಲೀಡರ್ ಅನುಕೂಲ. ನಿರ್ವಾತ ಪಂಪಿನಲ್ಲಿ ನಿಪ್ಪಲ್ಲಿನ ಮರೆಯ ಸಂದಿನಿಂದ ಗಾಳಿ ಒಳನುಗ್ಗಿ ಕೊನೆಯಿಲ್ಲದ ಗುಳ್ಳೆಗಳು ಕಾಣುವುದುಂಟು, ಅದರಿಂದ ಗಾಬರಿಯಾಗಬೇಕಿಲ್ಲ. ಯಾವ ಚಕ್ರದಿಂದ ಆರಂಭಿಸಬೇಕೆಂಬ ಕ್ರಮ ಕಾರಿನಿಂದ ಕಾರಿಗೆ ಬೇರೆ, ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು ಎಂಬುದು ಎಲ್ಲಕ್ಕೂ ಅನ್ವಯಿಸುವುದಿಲ್ಲ. ಎಷ್ಟು ಸಲ ತೆಗೆದರೂ ಗಾಳಿ ಉಳಿಯುತ್ತಿದ್ದರೆ ಕ್ಯಾಲಿಪರುಗಳು ಎಡಬಲ ಬದಲಾಗಿವೆಯೇ ನೋಡಿ. ನಿಪ್ಪಲ್ ಯಾವಾಗಲೂ ಮೇಲ್ಗಡೆಯೇ ಇರಬೇಕು, ಕೆಳಗಿದ್ದರೆ ಮೇಲೆ ಸೇರಿದ ಗಾಳಿಗೆ ಹೊರಬರುವ ದಾರಿಯೇ ಇಲ್ಲ. ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಜಾರುವುದನ್ನು ತಪ್ಪಿಸುವ ಎಬಿಎಸ್ ಘಟಕದೊಳಗೇ ಗಾಳಿ ಸೇರಿದ್ದರೆ ಅನೇಕ ಕಾರುಗಳಲ್ಲಿ ಅದರ ಪಂಪನ್ನು ಸ್ಕ್ಯಾನ್ ಸಾಧನದಿಂದ ಓಡಿಸಬೇಕಾಗುತ್ತದೆ. ಆ ಸಾಧನ ಇಲ್ಲದವರು ಕಾರನ್ನು ಓಡಿಸಿಕೊಂಡು ಹೋಗದೆ ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯುವುದೇ ಸರಿ. ತುಕ್ಕು ಹಿಡಿದ ಲೋಹದ ಪೈಪು ಬದಲಿಸಿ ಅದರ ತುದಿಯನ್ನು ಅರಳಿಸುವ ಕೆಲಸವನ್ನೂ, ಅಭ್ಯಾಸವಿಲ್ಲದವರು ತಮ್ಮ ಕಾರಿನ ಮೇಲೆಯೇ ಕಲಿಯಲು ಹೋಗಬಾರದು.

ಬಿಗಿಯುವಾಗ ಟಾರ್ಕ್ ರೆಂಚ್ ಬಳಸಿ. ಕ್ಯಾಲಿಪರಿನ ಸಣ್ಣ ಪಿನ್ ಬೋಲ್ಟುಗಳಿಗೆ ಬೇಕಾದ ಬಿಗಿ ಬಹಳ ಕಾರುಗಳಲ್ಲಿ 30 ನ್ಯೂಟನ್ ಮೀಟರಿನ ಆಸುಪಾಸಿನದು, ಬ್ರಾಕೆಟ್ ಬೋಲ್ಟುಗಳದು ಅದರ ಮೂರುಪಟ್ಟೂ ಇರಬಹುದು, ಬ್ಲೀಡರ್ ನಿಪ್ಪಲ್ಲಿನದು 10ರ ಹತ್ತಿರ. ಒಂದೇ ಕೈಯಳತೆಯಿಂದ ಮೂರನ್ನೂ ಬಿಗಿದರೆ ಒಂದು ಮುರಿಯುತ್ತದೆ ಅಥವಾ ಇನ್ನೊಂದು ಸಡಿಲವಾಗಿ ಉಳಿಯುತ್ತದೆ. ನಿಮ್ಮ ಕಾರಿನ ಸರಿಯಾದ ಅಂಕಿಯನ್ನು ಸರ್ವಿಸ್ ಕೈಪಿಡಿಯಿಂದ ಬರೆದುಕೊಂಡೇ ಕೆಲಸಕ್ಕೆ ಕೂರಬೇಕು. ಚಕ್ರದ ಸ್ಟಡ್ಡುಗಳಿಗೆ ಗ್ರೀಸ್ ಹಚ್ಚಬೇಡಿ. ಸಾಮಾನ್ಯವಾಗಿ ಕೈಪಿಡಿಯ ಅಂಕಿ ಒಣ ಮರೆಗೆ ಹೇಳಿದ್ದು, ಗ್ರೀಸ್ ಇದ್ದರೆ ಅದೇ ಅಂಕಿಯಲ್ಲಿ ಸ್ಟಡ್ ಅತಿಯಾಗಿ ಸೆಳೆಯಲ್ಪಡುತ್ತದೆ. ದ್ರವದ ಹೋಸನ್ನು ಕ್ಯಾಲಿಪರಿಗೆ ಸೇರಿಸುವ ಬೋಲ್ಟನ್ನು ಬಿಚ್ಚಿದ್ದರೆ ಅದರ ಎರಡೂ ಬದಿಯ ತಾಮ್ರದ ವಾಷರುಗಳನ್ನು ಹೊಸದು ಹಾಕಿ.

ಕಾರನ್ನು ಕೆಳಗಿಳಿಸಿದ ಮೇಲೆ, ಗೇರ್ ಹಾಕುವ ಮೊದಲು, ಪೆಡಲನ್ನು ಗಟ್ಟಿಯಾಗುವ ತನಕ ಮತ್ತೆ ಮತ್ತೆ ಒತ್ತಲೇಬೇಕು. ಒಳಕ್ಕೆ ತಳ್ಳಿದ ಪಿಸ್ಟನ್ ಪ್ಯಾಡಿನಿಂದ ದೂರದಲ್ಲಿರುತ್ತದೆ, ಮೊದಲ ಕೆಲವು ಒತ್ತುವಿಕೆಗಳು ಆ ದೂರವನ್ನು ತುಂಬುವುದರಲ್ಲೇ ಕಳೆದುಹೋಗುತ್ತವೆ. ಕೆಲಸವನ್ನೆಲ್ಲ ಚೆನ್ನಾಗಿ ಮಾಡಿ ಇದೊಂದನ್ನು ಮರೆತರೆ ಎದುರಿನ ಗೋಡೆಗೋ ಗೇಟಿಗೋ ಕಾರು ಹೋಗಿ ಗುದ್ದುತ್ತದೆ. ಪೆಡಲ್ ಗಟ್ಟಿಯಾದ ಮೇಲೆ ದ್ರವದ ಮಟ್ಟ ನೋಡಿ, ಪೆಡಲನ್ನು ಅರ್ಧ ನಿಮಿಷ ಒತ್ತಿಹಿಡಿದು ಅದು ಕುಸಿಯುತ್ತದೆಯೇ ಎಂದು ಗಮನಿಸಿ, ಎಲ್ಲ ಚಕ್ರಗಳ ಒಳಬದಿಗೆ ದೀಪ ಹಿಡಿದು ಸೋರಿಕೆ ಹುಡುಕಿ. ಆಮೇಲೆ ಸಂಚಾರವಿಲ್ಲದ ಸಮತಟ್ಟು ಜಾಗದಲ್ಲಿ ನಡಿಗೆಯ ವೇಗದಲ್ಲಿ ಕೆಲವು ಸಲ ನಿಲ್ಲಿಸಿ ನೋಡಿ.

ಹೊಸ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಲು ಪ್ಯಾಡಿನ ತೆಳು ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂರಬೇಕು. ಪ್ಯಾಡಿನ ತಯಾರಕರು ಕ್ರಮ ಹೇಳಿದ್ದರೆ ಅದನ್ನು ಅನುಸರಿಸಿ. ಹೇಳದಿದ್ದರೆ ಗಂಟೆಗೆ 50 ಕಿಲೋಮೀಟರಿನಿಂದ 10ರ ತನಕ ಮಧ್ಯಮ ಬಲದಿಂದ ನಿಧಾನಿಸುವುದನ್ನು, ನಡುವೆ ಬ್ರೇಕ್ ತಣಿಯಲು ಬಿಟ್ಟು, ಹತ್ತಾರು ಸಲ ಮಾಡಿದರೆ ಸಾಮಾನ್ಯ ಪ್ಯಾಡುಗಳಿಗೆ ಸಾಕಾಗುತ್ತದೆ. ಕಾದ ಸ್ಥಿತಿಯಲ್ಲಿ ಪೂರ್ತಿ ನಿಂತು ಪೆಡಲ್ ಒತ್ತಿಹಿಡಿಯಬೇಡಿ, ಪ್ಯಾಡಿನ ಗುರುತು ಡಿಸ್ಕಿನ ಒಂದೇ ಜಾಗದಲ್ಲಿ ಅಂಟಿ ಮುಂದೆ ನಡುಕಕ್ಕೆ ಕಾರಣವಾಗಬಹುದು. ಮರಳಿ ಬಂದ ಮೇಲೆ ಪ್ರತಿ ಚಕ್ರದ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ಶಾಖ ಹೋಲಿಸಿ. ಒಂದೇ ಆಕ್ಸಲಿನ ಎರಡು ಬದಿಗಳಲ್ಲಿ ಒಂದು ಬಹಳ ಹೆಚ್ಚು ಕಾದಿದ್ದರೆ ಅಲ್ಲಿ ಏನೋ ಹಿಡಿದುಕೊಂಡಿದೆ, ಅದನ್ನು ಮತ್ತೆ ಬಿಚ್ಚಿ ನೋಡಬೇಕು. ನೂರು ಕಿಲೋಮೀಟರಿನಷ್ಟು ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ಪರೀಕ್ಷಿಸಿ, ಆ ದಿನ ತೆಗೆದುಕೊಂಡ ಡಿಸ್ಕಿನ ಅಳತೆಗಳನ್ನೂ ದ್ರವ ಬದಲಿಸಿದ ದಿನಾಂಕವನ್ನೂ ಕಾರಿನ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಚಕ್ರ ಬಿಚ್ಚಿದಾಗ ಹೋಲಿಸಿ ನೋಡಲು ಆ ಅಂಕಿಗಳು ಬೇಕಾಗುತ್ತವೆ.